ಹಸಿ ಬಣ್ಣ

‘ಬಣ್ಣ ಹಸಿಯಾಗಿದೆ, ಮುಟ್ಟಬೇಡಿ’ ಎಂಬ ಹಲಗೆಯನ್ನು ಕಂಡ ಮನುಷ್ಯ ತಪ್ಪದೆ ಮಾಡುವ ಕೆಲಸವೆಂದರೆ ಮುಟ್ಟುವುದು. ಮೊನ್ನೆ ಯಶವಂತಪುರದ ಸ್ಟೇಷನ್ನಿನಲ್ಲಿ, ಹೊಸದಾಗಿ ಹಸಿರು ಬಳಿದ ಬೆಂಚಿನ ಪಕ್ಕ ನಿಂತು (ಕೂರುವಂತಿರಲಿಲ್ಲವಲ್ಲ!) ಈ ಪರಮಸತ್ಯವನ್ನು ಸಾಕ್ಷಾತ್ಕರಿಸಿಕೊಂಡೆ. ಪೇಟದವರು, ಟೋಪಿಯವರು, ಕರಿಕೋಟಿನ ವಕೀಲರೊಬ್ಬರು, ಎಲ್ಲರೂ ಹಲಗೆಯನ್ನು ಗಂಭೀರವಾಗಿ ಓದಿ, ಅತ್ತಿತ್ತ ನೋಡಿ, ಒಂದು ಬೆರಳಿಟ್ಟು, ಅದನ್ನು ಕಂಬಕ್ಕೆ ಒರೆಸಿ ಮುಂದೆ ಹೋದರು. ಹಸಿ ಬಣ್ಣವೆಂಬುದು ಹಸಿ ಸುಳ್ಳಿರಬಹುದೆಂಬ ಗುಮಾನಿ ನಮ್ಮ ಜನಕ್ಕೆ. ನಾನು ಮಾತ್ರ ಮುಟ್ಟಲಿಲ್ಲ.

ನನ್ನ ಈ ವೈರಾಗ್ಯಕ್ಕೆ ಕಾರಣ ನನ್ನ ಭಾವ. ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆಗೆ ತೆವಳುವ ಸಣ್ಣ ರೈಲಿನ ಮರದ ಡಬ್ಬಿಗಳಿಗೆ, ಬಿರುಕಿಗೆ ಲಪ್ಪ ತುಂಬಿ, ಉಪ್ಪುಕಾಗದ ಉಜ್ಜಿ, ಕೆಂಪು ಬಣ್ಣ ಬಳಿದು, ಮುದುಕಿಯರನ್ನು ಮದುವಣಗಿತ್ತಿಯರಾಗಿಸುವುದು ಅವರ ಉದ್ಯೋಗ. ಹೆಣ್ಣು ನೋಡಲು ನಾನು ಎರವಲು ಕೋಟು ತೊಟ್ಟು ಹೊರಟದ್ದು ಅಂಥದೊಂದು ಡಬ್ಬಿಯಲ್ಲೇ. ಹೆಣ್ಣಿನ ಮನೆಯವರು ನನ್ನ ಮುಖಕ್ಕಿಂತ ಬೆನ್ನಿನ ಮೇಲಿದ್ದ ಕೆಂಪು ಪಟ್ಟೆಯನ್ನೇ ಹೆಚ್ಚು ಹೊತ್ತು ನೋಡಿದರು. ಸಂಬಂಧ ಕುದುರಿತು, ಮುಖ ನೋಡಿದ್ದರೆ ಏನಾಗುತ್ತಿತ್ತೋ!

ಭಾವನಿಗೆ ನಿಜವಾದ ಕಂಟಕ ನನ್ನ ಅಕ್ಕ. ಮಧ್ಯಾಹ್ನ ಊಟದ ಕ್ಯಾರಿಯರ್ ಹಿಡಿದು ಶೆಡ್ಡಿಗೆ ಬರುವಳು, ಹೊಳೆಯುವ ಬಣ್ಣವನ್ನು ಕಂಡು ತಡೆಯಲಾರದೆ ಬೆರಳಿಡುವಳು.

“ಏನೇ, ಮತ್ತೆ ಕೈಯಿಟ್ಯಾ? ಮುಟ್ಬೇಡ ಅಂತ ಬರ್ದಿಲ್ವಾ?”

“ಒಣಗಿದ್ಯೋ ಇಲ್ವೋ ಅಂತ ನೋಡ್ದೆ ಕಣ್ರೀ. ನನಗೆ ಓದೋಕ್ ಬರುತ್ತಾ?”

ಭಾವ ಗೊಣಗುತ್ತ ಬ್ರಷ್ಷು ಸವರುತ್ತಿದ್ದರು. ಅವರದು ಕಲೆ, ಇವಳದು ಬರೀ ಕಲೆ ಎಂದು ನಾನು ಹಾಸ್ಯ ಮಾಡುತ್ತಿದ್ದೆ. ಅವಳು ಕಡೆಯ ಬಾರಿ ಬೆರಳಿಟ್ಟದ್ದು ಒಂದು ಹಳೆಯ ಡಬ್ಬಿಯ ಬಾಗಿಲ ಪಕ್ಕದಲ್ಲಿ. ಆಗ ಅವಳು ತುಂಬು ಬಸುರಿಯೆಂದು ಭಾವ ಬೈಯಲಿಲ್ಲ, ಗುರುತನ್ನು ಅಳಿಸಲೂ ಇಲ್ಲ. ತಿಂಗಳೊಳಗೆ, ಹಸಿ ಬಾಣಂತಿಯಾಗಿರುವಾಗಲೇ, ಜ್ವರ ಬಂದು ಅಕ್ಕ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ‘ಹಸಿ’ ಎಂಬ ಎರಡಕ್ಷರಕ್ಕೆ ಇಂಥ ಅರ್ಥವೂ ಇದೆಯೆಂದು ಅಂದು ತಿಳಿಯಿತು.

ಆಮೇಲೆ ಸಂಜೆ ಆ ಡಬ್ಬಿಯಿದ್ದ ರೈಲು ಬಂದಾಗಲೆಲ್ಲ ಭಾವ ಹೋಗಿ ಆ ಬಾಗಿಲ ಬಳಿ ನಿಲ್ಲುತ್ತಿದ್ದರು. ಅಕ್ಕನ ಒಂದು ಫೋಟೋ ಸಹ ನಮ್ಮಲ್ಲಿರಲಿಲ್ಲ. ಇದ್ದದ್ದು ಆ ಬೆರಳ ಗುರುತೊಂದೇ.

ಬಿಸಿಲು ಮಳೆಗೆ ಚಕ್ಕೆಯೆದ್ದ ಆ ಡಬ್ಬಿ ಒಂದು ದಿನ ಮತ್ತೆ ಶೆಡ್ಡಿಗೆ ಬಂತು. ಹಳೆಯ ಬಣ್ಣವನ್ನು ಮರ ಕಾಣುವವರೆಗೂ ಕೆರೆದು ಹೊಸದು ಹೊಡೆಯಬೇಕೆಂದು ಅಪ್ಪಣೆಯಾಯಿತು. ಅಮ್ಮ ಕ್ಯಾರಿಯರ್ ಕೊಟ್ಟು ನನ್ನನ್ನು ಕಳಿಸಿದ್ದಳು. ಜೊತೆಯ ಕೆಲಸಗಾರ, “ಆ ಜಾಗ ನಾನ್ ಕೆರೀತೀನಿ ಬಿಡಿ ಅಣ್ಣಾ” ಎಂದ.

“ಬೇಡ ಕಣಪ್ಪಾ. ಬೇರೆಯವ್ರ ಕೈ ಬೇಡ” ಎಂದು ಭಾವ ಉಪ್ಪುಕಾಗದ ತೆಗೆದುಕೊಂಡರು. ನನಗೆ ನೋಡಲಾಗಲಿಲ್ಲ, ಹೊರಗೆ ಹೋಗಿ ಹುಣಸೆಮರದ ಕೆಳಗೆ ನಿಂತೆ. ಉಜ್ಜುವ ಸದ್ದು ಅಲ್ಲಿಗೂ ಕೇಳುತ್ತಿತ್ತು.

ಆ ವಾರವೆಲ್ಲ ಕ್ಯಾರಿಯರ್ ಒಯ್ದವನು ನಾನೇ. ಕೊನೆಯ ದಿನ, ಬಣ್ಣ ಒಣಗಿದ ಮೇಲೆ, ಮೇಸ್ತ್ರಿ ಡಬ್ಬಿಯ ಸುತ್ತ ಒಂದು ಸುತ್ತು ಬಂದು ಭಾವನ ಬೆನ್ನು ತಟ್ಟಿದರು: “ಭೇಷ್ ಕಣಯ್ಯಾ! ಈ ಸಲ ಒಂದು ಕಲೆ ಇಲ್ಲ ನೋಡು.”

ಭಾವ ತಲೆಯಾಡಿಸಿದರು. ಮೇಸ್ತ್ರಿ ಅತ್ತ ಹೋದ ಮೇಲೆ ನನ್ನ ಕಡೆ ತಿರುಗಿ, “ಕೇಳ್ದೇನೋ? ಒಂದೂ ಇಲ್ವಂತೆ ಕಣೋ” ಎಂದು ಮಗುವಿನ ಹಾಗೆ ಅತ್ತರು.

ಮೊನ್ನೆ ಯಶವಂತಪುರದಲ್ಲಿ ನನ್ನ ರೈಲು ಕೂಗಿತು. ಹತ್ತಲು ಹೊರಟವನು ತಿರುಗಿ ಬಂದು, ಅತ್ತಿತ್ತ ನೋಡದೆಯೇ, ಬೆಂಚಿನ ಮೇಲೆ ಬೆರಳನ್ನು ಒತ್ತಿ ಇಟ್ಟೆ. ಓದಲು ಬರುವವನೆಂದು ಬಲ್ಲ ನನ್ನ ಹೆಂಡತಿ ಮನೆಯಲ್ಲಿ ಆ ಬೆರಳನ್ನು ನೋಡಿ ಚೆನ್ನಾಗಿ ಬೈದಳು. ಬಣ್ಣ ಹಸಿಯಾಗಿಯೇ ಇತ್ತು.