ಹುಣಸೆಮರದಡಿಯ ಆರ್ಡರ್ ಒಂಬತ್ತು

ಸಿವಿಲ್ ಪ್ರೊಸೀಜರ್ ಕೋಡನ್ನು ನನ್ನಷ್ಟು ಚೆನ್ನಾಗಿ ಕಲಿಸುವವರು ಚಾಮರಾಜನಗರದಿಂದ ಮೈಸೂರಿನವರೆಗೆ ಯಾರೂ ಇಲ್ಲ ಎಂದು ಐವತ್ತರ ದಶಕದ ನಡುವಿನ ಒಂದೆರಡು ವರ್ಷ ನಾನು ಗಟ್ಟಿಯಾಗಿ ನಂಬಿದ್ದೆ. ಹಾಗಂತ ಬೇರೆ ಯಾರೂ ಹೇಳಿರಲಿಲ್ಲ, ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಆಗ ನಾನು ಚಾಮರಾಜನಗರದ ಮುನ್ಸೀಫ್ ಕೋರ್ಟಿನಲ್ಲಿ ವಕೀಲ. ವಯಸ್ಸು ಮೂವತ್ತರ ಆಸುಪಾಸು, ಕರಿಕೋಟು ಹೊಸದು, ಕೋಪ ಸದಾ ಮೂಗಿನ ತುದಿಯಲ್ಲಿ.

ಮೈಸೂರಿನಲ್ಲಿ ಲಾ ಓದುತ್ತಿದ್ದ ಇಬ್ಬರು ಹುಡುಗರು ಪರೀಕ್ಷೆಗೆ ಮುಂಚಿನ ರಜೆಯಲ್ಲಿ ನನ್ನ ಹತ್ತಿರ ಪಾಠಕ್ಕೆ ಬರುತ್ತಿದ್ದರು. ಒಬ್ಬ ನಮ್ಮೂರಿನ ಜವಳಿ ಅಂಗಡಿಯವರ ಮಗ. ಕೋಡಿನ ಯಾವ ನಿಯಮ ಕೇಳಿದರೂ ಅರ್ಧವಿರಾಮ ಸಮೇತ ಒಪ್ಪಿಸುತ್ತಿದ್ದ. ಅದರ ಅರ್ಥ ಕೇಳಿದರೆ ಮತ್ತೆ ಅದನ್ನೇ ಇನ್ನೂ ಜೋರಾಗಿ ಒಪ್ಪಿಸುತ್ತಿದ್ದ. ಇನ್ನೊಬ್ಬ ಗುಂಡ್ಲುಪೇಟೆಯ ದರ್ಜಿಯೊಬ್ಬರ ಮಗ. ಮನೆಯಲ್ಲಿ ಉರ್ದು, ಬೀದಿಯಲ್ಲಿ ನಮ್ಮ ಕಡೆಯ ಅಪ್ಪಟ ಕನ್ನಡ, ಪರೀಕ್ಷೆಯ ಇಂಗ್ಲಿಷ್ ಮಾತ್ರ ಅವನಿಗೆ ಒಲಿದಿರಲಿಲ್ಲ. ಈ ವಿಷಯದಲ್ಲಿ ಒಂದು ಸಲ ಫೇಲಾಗಿದ್ದ. ಅವನಿಗೊಂದು ಕೆಟ್ಟ ಚಾಳಿ ಇತ್ತು. ಪಾಠದ ಮಧ್ಯೆ ಪ್ರಶ್ನೆ ಕೇಳುತ್ತಿದ್ದ.

ಪಾಠ ನಡೆಯುತ್ತಿದ್ದುದು ಕೋರ್ಟಿನ ಆವರಣದ ಹುಣಸೆಮರದ ಕೆಳಗೆ, ಒಂದು ಕೇಸಿಗೂ ಇನ್ನೊಂದು ಕೇಸಿಗೂ ನಡುವಿನ ಬಿಡುವಿನಲ್ಲಿ. ಪುಸ್ತಕ ಹಿಡಿದು ಪಾಠ ಮಾಡುವವರನ್ನು ಕಂಡರೆ ನನಗೆ ತಾತ್ಸಾರ. ನಾನು ಅಭಿನಯಿಸಿ ಕಲಿಸುತ್ತಿದ್ದೆ. ಸಮನ್ಸ್ ತಲುಪಿಸುವ ಅಮೀನನಾಗಿ ಕಾಗದ ಹಿಡಿದುಕೊಂಡು ಮರವನ್ನು ಸುತ್ತು ಹಾಕುತ್ತಿದ್ದೆ, ಪ್ರತಿವಾದಿಯಾಗಿ ಅದರ ಹಿಂದೆ ಅಡಗಿಕೊಳ್ಳುತ್ತಿದ್ದೆ. ಮೊಕದ್ದಮೆಗೆಂದು ಬಂದ ಹಳ್ಳಿಯವರು ಬುತ್ತಿ ಬಿಚ್ಚಿಕೊಂಡು ಕೂತು ನೋಡುತ್ತಿದ್ದರು. ಅವರು ನಕ್ಕಷ್ಟೂ ನನಗೆ ಉತ್ಸಾಹ ಏರುತ್ತಿತ್ತು.

ಆ ದಿನದ ಪಾಠ ಆರ್ಡರ್ ಒಂಬತ್ತು. ಕೋರ್ಟಿನಲ್ಲಿ ಕೇಸು ಕರೆದಾಗ ಯಾರು ಬಂದಿದ್ದಾರೆ, ಯಾರು ಬಂದಿಲ್ಲ, ಬರದಿದ್ದರೆ ಏನಾಗುತ್ತದೆ ಎಂಬುದು ಅದರ ವಿಷಯ. ಪ್ರತಿವಾದಿ ಬಂದು, ದಾವೆ ಹಾಕಿದ ವಾದಿಯೇ ಬರದಿದ್ದರೆ ದಾವೆ ವಜಾ. ಅದೇ ಕಾರಣಕ್ಕೆ ಮತ್ತೆ ಹೊಸ ದಾವೆ ಹಾಕುವಂತಿಲ್ಲ. ತಕ್ಕ ಕಾರಣ ತೋರಿಸಿ, ಸತ್ತ ದಾವೆಯನ್ನೇ ಬದುಕಿಸಿಕೊಳ್ಳಬೇಕು. ಇದನ್ನು ವಿವರಿಸಲು ನಾನು ಕೋರ್ಟಿನ ಜವಾನನಾದೆ. ಬೆನ್ನು ಸೆಟೆಸಿ, ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಊರೆಲ್ಲ ಕೇಳುವಂತೆ ಮೂರು ಸಲ ಕೂಗಿದೆ. ನನ್ನ ಕೂಗಿನ ಮಧ್ಯೆ ಗುಂಡ್ಲುಪೇಟೆಯವನು ಎದ್ದು ನಿಂತು, "ಸಾರ್, ಒಳ್ಗೂ ಯಾರೋ ಕೂಗ್ತಾವ್ರೆ" ಅಂದ.

"ಪಾಠದ ಕಡೆ ಗಮನ ಇರಲಿ. ಅದಕ್ಕೇ ನೀನು ಫೇಲಾಗೋದು!" ಎಂದು ಗದರಿಸಿ ಕೂರಿಸಿದೆ.

ಒಳಗೆ ಕೂಗುತ್ತಿದ್ದವನು ನಿಜವಾದ ಜವಾನ. ಕೂಗುತ್ತಿದ್ದುದು ನನ್ನ ಕೇಸನ್ನೇ. ನಾನು ಕೋಟು ಕೊಡವಿಕೊಂಡು ಒಳಗೆ ಹೋಗುವ ಹೊತ್ತಿಗೆ ವಾದಿ ಗೈರುಹಾಜರಿ ಎಂದು ದಾವೆ ವಜಾ ಆಗಿ, ಬೆಂಚ್ ಕ್ಲರ್ಕು ಕಡತಕ್ಕೆ ದಾರ ಸುತ್ತುತ್ತಿದ್ದ. ಗೈರುಹಾಜರಿಯ ಪಾಠ ಮಾಡುತ್ತಲೇ ಗೈರುಹಾಜರಾದ ವಕೀಲ ಇಡೀ ಮೈಸೂರು ರಾಜ್ಯದಲ್ಲಿ ನಾನೊಬ್ಬನೇ ಇರಬೇಕು.

ಆ ದಾವೆ ಗುಂಡ್ಲುಪೇಟೆಯಾಚೆಯ ಹಂಗಳದ ಹೆಂಗಸೊಬ್ಬರದು. ತವರಿನವರು ಅವರಿಗೆ ಕೊಟ್ಟ ಒಂದು ತುಂಡು ಹೊಲ ಊರಾಚೆ, ಕಾಡಿನಂಚಿನಲ್ಲಿತ್ತು. ಹೊಲಕ್ಕೆ ಹೋಗುವ ಗಾಡಿದಾರಿ ಪಕ್ಕದವನ ಜಮೀನಿನ ಬದಿಯಲ್ಲಿ ಹಾಯುತ್ತಿತ್ತು. ಅವನು ಒಂದು ದಿನ ಅದಕ್ಕೆ ಮುಳ್ಳು ತಂದು ಜಡಿದ. ಗಂಡ ಗಾಡಿಯಿಂದ ಬಿದ್ದು ಸೊಂಟ ಮುರಿದುಕೊಂಡು ಜಗಲಿಯ ಮೇಲೆ ಮಲಗಿ ವರ್ಷ ದಾಟಿತ್ತು. ಹೊಲಕ್ಕೆ ಹೋಗಲು ಆಕೆಗೆ ಇನ್ನುಳಿದದ್ದು ಕಾಡನ್ನು ಬಳಸಿಕೊಂಡು ಹೋಗುವ ಕಾಲುದಾರಿ. ಅಲ್ಲಿ ಸಂಜೆಯಾದರೆ ಆನೆ. ಕೋರ್ಟಿನಿಂದ ತಾತ್ಕಾಲಿಕ ಆಜ್ಞೆ ತಂದು ಆ ಮುಳ್ಳು ತೆಗೆಸಿದ್ದೆ. ಅದಕ್ಕೂ ಸಾಕಷ್ಟು ಜಂಬ ಪಟ್ಟಿದ್ದೆ. ದಾವೆ ಬಿದ್ದರೆ ಆಜ್ಞೆಯೂ ಬೀಳುತ್ತದೆ. ಹೊಲದಲ್ಲಿ ರಾಗಿ ಕಟಾವಿಗೆ ಬಂದಿತ್ತು.

ನಿಜ ಹೇಳಬೇಕೆಂದರೆ ಆಕೆ ಗೈರುಹಾಜರಾಗಿರಲಿಲ್ಲ. ಬೆಳಗಿನ ಮೊದಲ ಬಸ್ಸಿಗೇ ಬಂದು ಕೋರ್ಟಿನ ಬಾಗಿಲಲ್ಲಿ ನಿಂತಿದ್ದರು. ಜವಾನ ಕೂಗಿದಾಗ ನನಗಾಗಿ ಆ ಕಡೆ ಈ ಕಡೆ ನೋಡಿ, ಕಾಣದೆ, ತಾವೇ ಒಳಗೆ ಹೋಗಿದ್ದರು. ಮುನ್ಸೀಫರು ಹೊಸಬರು, ಎದುರಿಗೆ ಕಡತಗಳ ರಾಶಿ. "ಯಾರಮ್ಮ ನೀವು? ನಿಮ್ಮ ಗಂಡನ ಹೆಸರೇನು?" ಎಂದರು. ಗಾಬರಿಯಲ್ಲಿ ತಮ್ಮ ಹೆಸರು ಹೇಳಲೂ ತೋಚದೆ ಆಕೆ ನೆಲ ನೋಡುತ್ತ, "ಕಾಗ್ದದಲ್ಲಿ ಬರ್ದದ ಬುದ್ಧಿ" ಅಂದರು. ಮುನ್ಸೀಫರು ಇನ್ನೊಮ್ಮೆ ಕೇಳಿದರು. ಆಕೆ ಹೆದರಿ ಎರಡು ಹೆಜ್ಜೆ ಹಿಂದೆ ಸರಿದರು.

ಗಂಡನ ಹೆಸರನ್ನು ಬಾಯಲ್ಲಿ ಹೇಳಿದರೆ ಅವನ ಆಯಸ್ಸು ಸವೆಯುತ್ತದೆ ಎಂದು ನಮ್ಮ ಕಡೆಯ ಹೆಂಗಸರ ನಂಬಿಕೆ. ಅಗತ್ಯ ಬಿದ್ದರೆ ಪಕ್ಕದಲ್ಲಿರುವ ಯಾರಾದರೂ ಹೇಳಿಬಿಡುತ್ತಾರೆ. ಆಕೆಯ ಪಕ್ಕದಲ್ಲಿ ಇರಬೇಕಾದವನು ನಾನು. ಎದುರಿಗೆ ನಿಂತಿದ್ದ ಪ್ರತಿವಾದಿ ಆ ಗಂಡನ ಜೊತೆಗೇ ಗೋಲಿ ಆಡಿ ಬೆಳೆದವನು. ಅವನು ಆ ಹೊತ್ತಿಗೆ ಸರಿಯಾಗಿ ತಲೆಯೆತ್ತಿ ಮಾಡಿನ ಹೆಂಚು ನೋಡುತ್ತಿದ್ದನಂತೆ. ಯಾರೋ ತಪ್ಪಿ ಒಳಗೆ ಬಂದ ಹೆಂಗಸು ಎಂದುಕೊಂಡು ಮುನ್ಸೀಫರು ಮುಂದಿನ ಕಡತ ತೆಗೆದುಕೊಂಡರು. ಇದೆಲ್ಲ ನನಗೆ ಆಮೇಲೆ ಬೆಂಚ್ ಕ್ಲರ್ಕನಿಂದ ತಿಳಿಯಿತು. ಅಷ್ಟರಲ್ಲಿ ಆಕೆ, ಕೇಸು ಮುಂದಕ್ಕೆ ಹೋಯಿತೆಂದುಕೊಂಡು ಬಸ್ಸು ಹತ್ತಿದ್ದರು.

ಶಿಷ್ಯರಿಗೆ ಮುಖ ತೋರಿಸಲು ನಾಚಿಕೆಯಾಯಿತು. ಆದರೂ ನಡೆದದ್ದನ್ನೆಲ್ಲ ಅವರಿಗೆ ಹೇಳಿ, ಮೇಷ್ಟ್ರ ಗತ್ತು ಬಿಡದೆ, "ನೋಡಿ, ಪ್ರಕೃತಿಯೇ ನಿಮಗೊಂದು ಉದಾಹರಣೆ ಒದಗಿಸಿದೆ. ದಾವೆ ಬದುಕಿಸಲು ಅರ್ಜಿ ಬರೆಯಿರಿ" ಎಂದೆ. ಜವಳಿ ಅಂಗಡಿಯವನು ಹತ್ತು ನಿಮಿಷದಲ್ಲಿ ಬರೆದ. ವಕೀಲರಿಗೆ ಆ ದಿನ ಹಠಾತ್ತನೆ ತೀವ್ರ ಹೊಟ್ಟೆನೋವು. ಅದರಲ್ಲಿ ತಪ್ಪೇನಿಲ್ಲ. ಆ ಕಾಲದ ವಕೀಲರು ಕೋರ್ಟಿಗೆ ಬರೆದುಕೊಟ್ಟ ಪ್ರಮಾಣಪತ್ರಗಳನ್ನೆಲ್ಲ ಒಟ್ಟಿಗೆ ಓದಿದರೆ, ಗಟ್ಟಿ ಹೊಟ್ಟೆಯ ಒಬ್ಬ ವಕೀಲನೂ ನಮ್ಮ ಸೀಮೆಯಲ್ಲಿ ಸಿಗುತ್ತಿರಲಿಲ್ಲ.

ಗುಂಡ್ಲುಪೇಟೆಯವನು ಏನೂ ಬರೆದಿರಲಿಲ್ಲ. ಪೆನ್ಸಿಲ್ ಕಚ್ಚುತ್ತ ಕೂತಿದ್ದ.

"ಏನಯ್ಯಾ?" ಎಂದೆ.

"ಅಲ್ಲ ಸಾರ್, ವಾದಿ ಬಂದಿಲ್ಲ ಅಂದ್ರ ತಾನೆ ವಜಾ ಮಾಡಾದು? ಆಯಮ್ಮ ಬಂದಿದ್ರಲ್ಲ. ಬಂದೋರ್ನ ಬಂದಿಲ್ಲ ಅನ್ನಕ್ಕಾದ್ದಾ?"

ಅಷ್ಟು ದಿನ ಆ ನಿಯಮವನ್ನು ಕುಣಿದು ಕುಪ್ಪಳಿಸಿ ಕಲಿಸಿದ್ದೆ. ಅದರೊಳಗೆ ಒಬ್ಬ ಮನುಷ್ಯ ಬಾಗಿಲಲ್ಲಿ ನಿಂತಿರಬಹುದು ಎಂದು ನನಗೆ ಹೊಳೆದಿರಲೇ ಇಲ್ಲ. ಫೇಲಾದವನಿಗೆ ಹೊಳೆದಿತ್ತು. ಹೊಟ್ಟೆಕಿಚ್ಚಾಯಿತು, ಸಂತೋಷವೂ ಆಯಿತು. ಆದರೆ ಆ ದಾರಿಯಲ್ಲಿ ಒಂದು ಮುಳ್ಳಿತ್ತು. ಹೊಟ್ಟೆನೋವಾದರೆ ನಾನೊಬ್ಬ ಸುಳ್ಳು ಹೇಳಿದರೆ ಮುಗಿಯಿತು. ಆಕೆ ಬಂದಿದ್ದರು ಎನ್ನಬೇಕಾದರೆ ಆಕೆಯೇ ಕಟಕಟೆ ಹತ್ತಿ ಪ್ರಮಾಣ ಮಾಡಬೇಕು. ಪ್ರಮಾಣ ಆದ ಕೂಡಲೇ ಕೇಳುವುದು ಹೆಸರು, ಗಂಡನ ಹೆಸರು, ವಯಸ್ಸು, ಊರು.

ಮರುದಿನ ಗುಂಡ್ಲುಪೇಟೆಯವನನ್ನು ಕರೆದುಕೊಂಡು ಹಂಗಳಕ್ಕೆ ಹೋದೆ. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಾಯಿಸುವಾಗ ಅವನ ತಂದೆ ಅಂಗಡಿಯಿಂದ ಎದ್ದು ಬಂದು, "ನಮ್ ಹುಡ್ಗ ಪಾಸಾಯ್ತಾನಾ ಸಾಹೇಬ್ರೆ?" ಅಂದರು. "ಅವನಿಂದ ನಾನು ಪಾಸಾದರೆ ಸಾಕಾಗಿದೆ" ಅಂದೆ. ಅವರು ಗೌರವದಿಂದ ನಕ್ಕರು. ಅರ್ಥವಾಗಲಿಲ್ಲ ಎಂದು ಕಾಣುತ್ತದೆ.

ಹಂಗಳದಲ್ಲಿ ಬಸ್ಸಿಳಿದು ನಡೆಯುವಾಗಲೇ ಕಂಡಿತು. ಗಾಡಿದಾರಿಗೆ ಹಸಿಮುಳ್ಳು ಮತ್ತೆ ಬಿದ್ದಿತ್ತು. ಪ್ರತಿವಾದಿ ಒಂದು ರಾತ್ರಿಯನ್ನೂ ವ್ಯರ್ಥ ಮಾಡಿರಲಿಲ್ಲ.

ಜಗಲಿಯ ಮೇಲೆ ಗಂಡ ಕಂಬಳಿ ಹೊದ್ದು ಮಲಗಿದ್ದರು. ಆಕೆ ಕಂಬಕ್ಕೆ ಒರಗಿ ನಿಂತರು. ನನ್ನ ತಪ್ಪನ್ನು ನಾನು ಒಪ್ಪಿಕೊಂಡೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಅದಕ್ಕೇ ಇನ್ನೂ ಕಷ್ಟವಾಯಿತು. ಎರಡು ದಾರಿಗಳನ್ನೂ ಬಿಡಿಸಿ ಹೇಳಿದೆ. ಹೊಟ್ಟೆನೋವಿನದು ಸುಳ್ಳು. ಮುನ್ಸೀಫರು ನಂಬಿದರೆ ಸರಿ, ನಂಬದಿದ್ದರೆ ದಾರಿ ಹೋದಂತೆಯೇ. ಇನ್ನೊಂದು ನಿಜ, ಗಟ್ಟಿ. ಆದರೆ ಆಕೆ ಬಾಯಿ ಬಿಡಬೇಕು.

ಗಂಡನಿಗೆ ನಗು ಬಂತು. "ಯೋಳ್ಬುಡು ಕಣಮ್ಮಿ. ನನ್ ಎಸ್ರಲ್ಲಿ ಏನ್ ಮುಳ್ಳಿದ್ದದಾ?"

"ಸುಮ್ನಿರಿ ನೀವು!" ಆಕೆ ಕಂಬ ಬಿಟ್ಟು ಮುಂದೆ ಬಂದರು. "ಆಡ್ಬಾರದ್ ಆಡ್ಬೇಡಿ. ಮೊದ್ಲೇ ಮಲ್ಗಿದ್ದೀರಿ."

ಕೊನೆಗೆ ಆಕೆ ನನ್ನನ್ನಲ್ಲ, ಗುಂಡ್ಲುಪೇಟೆಯ ಹುಡುಗನನ್ನು ಕೇಳಿದರು. "ನೀನ್ ಯೋಳಪ್ಪ. ಯಾವ್ದ್ ಮಾಡುದ್ರ ದಾರಿ ಸಿಕ್ಕದು?"

"ನಿಜ ಯೋಳುದ್ರ ಸಿಕ್ಕದು ಅಮ್ಮ" ಅಂದ ಅವನು. ಅವನ ಕಣ್ಣಲ್ಲಿ ನೀರಿತ್ತು. ಆಕೆ ಒಳಗೆ ಹೋಗಿ ನಮಗೆ ಮಜ್ಜಿಗೆ ತಂದುಕೊಟ್ಟರು. ಕೋರ್ಟಿಗೆ ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಅರ್ಜಿಗೆ ಮಾತ್ರ ಹೆಬ್ಬೆಟ್ಟು ಒತ್ತಿದರು.

ಅರ್ಜಿಯ ಜೊತೆ ನನ್ನ ಪ್ರಮಾಣಪತ್ರವನ್ನೂ ಹಾಕಿದೆ. ಅದನ್ನು ಬರೆದದ್ದು ಗುಂಡ್ಲುಪೇಟೆಯವನು, ನಾನು ತಿದ್ದಲಿಲ್ಲ. ವಿಚಾರಣೆಯ ದಿನ ಮುನ್ಸೀಫರು ಅದನ್ನು ಗಟ್ಟಿಯಾಗಿ ಓದಿದರು. ಕೇಸು ಕರೆದ ಹೊತ್ತಿನಲ್ಲಿ ಸದರಿ ವಕೀಲರು ಹುಣಸೆಮರದಡಿ ಆರ್ಡರ್ ಒಂಬತ್ತನ್ನು ಪಾಠ ಮಾಡುತ್ತಿದ್ದರು, ಮತ್ತು ಜವಾನನಿಗಿಂತ ಜೋರಾಗಿ ಕೂಗುತ್ತಿದ್ದರು. ಕೋರ್ಟೆಲ್ಲ ನಕ್ಕಿತು. ಜವಾನನಂತೂ ನನ್ನ ಕಡೆ ನೋಡಿಯೇ ನಕ್ಕ. ಮುನ್ಸೀಫರು ಕನ್ನಡಕ ತೆಗೆದು, "ಪಾಠ ಹೇಗೆ ನಡೀತಿದೆ ವಕೀಲರೆ?" ಅಂದರು. ನಾನು ನನ್ನ ಬೂಟು ನೋಡಿಕೊಂಡೆ.

ಆಮೇಲೆ ಆಕೆಯನ್ನು ಕರೆದರು. ಆಕೆ ಬಂದಿದ್ದರು. ಕಟಕಟೆ ಹತ್ತಿ ಪ್ರಮಾಣ ಮಾಡಿ ತಮ್ಮ ಹೆಸರು ಹೇಳಿದರು. ಬೆಂಚ್ ಕ್ಲರ್ಕು, "ಗಂಡನ ಹೆಸರು?" ಅಂದ. ನಾನು ಎದ್ದು ನಿಂತೆ. ನಾನೇ ಹೇಳಿಬಿಡುತ್ತೇನೆ ಎಂದು ಬಾಯಿ ತೆರೆದೆ. ಎದುರು ಪಕ್ಷದ ವಕೀಲರು, ಸಾಕ್ಷಿಯ ಮಾತು ಸಾಕ್ಷಿಯ ಬಾಯಿಂದಲೇ ಬರಲಿ ಎಂದು ತಡೆದರು. ಅವರ ಆಕ್ಷೇಪಣೆ ಸರಿಯಾಗಿಯೇ ಇತ್ತು. ಅದನ್ನು ಹುಡುಗರಿಗೆ ನಾನೇ ಕಲಿಸಿದ್ದೆ.

ಆಕೆ ಸೆರಗನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡರು. ಕಣ್ಣು ಮುಚ್ಚಿದರು. ಹೇಳಿದರು.

ಅರ್ಜಿ ಮಂಜೂರಾಯಿತು. ದಾವೆ ಬದುಕಿತು, ಆಜ್ಞೆಯೂ ಮರಳಿ ಬಂತು. ಹೊರಗೆ ಬಂದು ನಾನು ಸಂತೋಷದಿಂದ ಏನೋ ಹೇಳಹೋದೆ. ಆಕೆ ಕೊಳಾಯಿಯ ಹತ್ತಿರ ನಿಂತು ಮತ್ತೆ ಮತ್ತೆ ಬಾಯಿ ಮುಕ್ಕಳಿಸುತ್ತಿದ್ದರು. ನನ್ನ ಜೀವ ಹಿಡಿಯಷ್ಟಾಯಿತು. ನಾನು ಹುಣಸೆಮರದ ಕೆಳಗೆ ಕುಣಿಯದೆ ಒಳಗೆ ನಿಂತಿದ್ದರೆ ಈಕೆಗೆ ಈ ಗತಿ ಬರುತ್ತಿರಲಿಲ್ಲ. ಇಷ್ಟು ವರ್ಷಗಳ ನಂತರವೂ ಅದನ್ನು ನೆನೆದರೆ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ಕೆಲವು ದಿನಗಳ ಮೇಲೆ, ಮುಳ್ಳು ತೆಗೆದರೋ ಇಲ್ಲವೋ ನೋಡಲು ಒಬ್ಬನೇ ಹಂಗಳಕ್ಕೆ ಹೋದೆ. ದಾರಿ ತೆರೆದಿತ್ತು, ಮಣ್ಣಿನ ಮೇಲೆ ಗಾಡಿಯ ಗೀರು ಬಿದ್ದಿತ್ತು. ಆಕೆ ಹೊಲದಲ್ಲಿದ್ದರು. ಗಂಡ ಜಗಲಿಯಿಂದಲೇ ಕೈಸನ್ನೆ ಮಾಡಿ ನನ್ನನ್ನು ಹತ್ತಿರ ಕೂರಿಸಿಕೊಂಡರು. ದಾವೆಯ ಬಗ್ಗೆ, ರಾಗಿಯ ಬಗ್ಗೆ ಒಂದಿಷ್ಟು ಮಾತಾಡಿ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ದನಿ ತಗ್ಗಿಸಿದರು.

"ಸ್ವಾಮಿ, ನನ್ ಎಸ್ರ ಯೋಳುದ್ಲಂತಲ್ಲ ಕೋರ್ಟ್ಲಿ."

"ಹೌದು" ಅಂದೆ. ಈಗ ಬೈಗುಳ ಬಂತು ಎಂದುಕೊಂಡೆ.

"ಎಂಗ್ ಯೋಳುದ್ಲು?"

ನಾನು ಅವರ ಮುಖ ನೋಡಿದೆ.

"ಮೂವತ್ ವರ್ಸ ಆಯ್ತು ಸ್ವಾಮಿ ಕಟ್ಕೊಂಡು. ಒಂದ್ ದಿನಾನೂ ಅವ್ಳ ಬಾಯಲ್ಲಿ ನನ್ ಎಸ್ರ ನಾ ಕೇಳ್ನಿಲ್ಲ. ನಿಮ್ ಕೋರ್ಟ್ಲಿ ಇದ್ದೋರೆಲ್ಲ ಕೇಳುದ್ರು. ಆ ಮುಳ್ ಜಡ್ದವ್ನೂ ಕೇಳ್ದ."

ಸೆರಗು ಎಳೆದುಕೊಂಡದ್ದನ್ನು ಹೇಳಿದೆ, ಕಣ್ಣು ಮುಚ್ಚಿಕೊಂಡದ್ದನ್ನು ಹೇಳಿದೆ. ಮೆಲ್ಲಗೆ ಹೇಳಿದರು, ಆದರೆ ಒಂದಕ್ಷರವೂ ತೊದಲಲಿಲ್ಲ, ಮನೆಯೊಳಗಿಂದ ಯಾರನ್ನೋ ಊಟಕ್ಕೆ ಕರೆದ ಹಾಗಿತ್ತು ಎಂದೆ. ಅವರು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ಕಂಬಳಿಯ ಅಂಚಿನಿಂದ ಕಣ್ಣು ಒರೆಸಿಕೊಂಡರು.

"ಅವ್ಳು ಬರಾಕ್ ಮುಂಚ ಇನ್ನೊಂದ್ಸಲ ಯೋಳಿ ಸ್ವಾಮಿ" ಅಂದರು.

ನಾನು ಮತ್ತೆ ಮೊದಲಿನಿಂದ ಹೇಳಿದೆ.