ದೊಡ್ಡವ್ವ ಎನ್ನಿಸಿದವರು

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಮಕ್ಕಳ ರಕ್ಷಣೆಯೆಂದರೆ ದಿಕ್ಕಿಲ್ಲದ ಮಗುವನ್ನು ಬಾಲಮಂದಿರದ ಬಾಗಿಲಿಗೆ ಮುಟ್ಟಿಸುವುದು ಎಂದೇ ಬಹಳ ಜನ ತಿಳಿದಿದ್ದ ಕಾಲದಲ್ಲಿ, ಆ ಮಗುವಿಗೊಂದು ಮನೆಯನ್ನೇ ಹುಡುಕಿಕೊಡಬೇಕೆಂದು ಹಟ ಹಿಡಿದವರು, ಈ ತಿಂಗಳು ನಿವೃತ್ತರಾಗುತ್ತಿರುವ ಸಮಾಜ ಕಾರ್ಯಕರ್ತೆ ಶ್ರೀಮತಿ ಅನ್ನಪೂರ್ಣಾ ಹೊಸಮನಿಯವರು. ಮನೆ ಸಿಕ್ಕಿತೆಂದು ಅವರು ನಿಶ್ಚಿಂತರಾದವರೂ ಅಲ್ಲ. ಘಟಪ್ರಭೆಯಲ್ಲಿ ಬಸ್ಸಿನಿಂದ ಇಳಿಯುವ ಮೊದಲೇ ಹತ್ತರಗಿಯ ಕೂಸಿಗೆ ಜ್ವರ ಬಿಟ್ಟಿತೋ ಇಲ್ಲವೋ ಎಂದು ಫೋನು ಹಚ್ಚುವ ಜೀವ ಅದು. ಕಚೇರಿಯ ಕುರ್ಚಿ ಅವರಿಗೆ ಒಗ್ಗಲೇ ಇಲ್ಲ.

ಈ ತಳಮಳ ಎಂಥದೆಂದು ತಿಳಿಯಲು ಘೋಡಗೇರಿಯ ಶಿವಗಂಗವ್ವ, ದುಂಡಪ್ಪ ದಂಪತಿಗಳ ಮನೆಯ ಸಂಗತಿ ಹೇಳಬೇಕು. ಮೂಡಲಗಿಯ ಶೋಭಾ ಮನೋರೋಗದ ಚಿಕಿತ್ಸೆಗೆಂದು ಧಾರವಾಡಕ್ಕೆ ಹೋಗಬೇಕಾದಾಗ, ಇನ್ನೂ ಮಾತು ಕಲಿಯುತ್ತಿದ್ದ ಆಕೆಯ ಮಗಳು ರಾಧಿಕಾಳನ್ನು ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಅನ್ನಪೂರ್ಣಾ ಅವರು ಈ ದಂಪತಿಗಳ ಪೋಷಣೆಗೆ ಒಪ್ಪಿಸಿದರು. ಜೊತೆಗೇ ಒಂದು ಕರಾರು ಹಾಕಿದರು: ಕೂಸು ಶಿವಗಂಗವ್ವನವರನ್ನು "ಅವ್ವ" ಎನ್ನಬಾರದು, "ದೊಡ್ಡವ್ವ" ಎನ್ನಬೇಕು.

"ತಾನಾಗಿ ಅವ್ವಾ ಅಂದ್ರ ಕೂಸಿನ ಬಾಯಿ ಮುಚ್ಚಲೇನ್ರಿ ಮೇಡಮ್ಮಾರ?" ಎಂದು ಶಿವಗಂಗವ್ವ ಕೆರಳಿದರು.

"ಬಾಯಿ ಯಾಕ ಮುಚ್ಚತೀರಿ? ತಿದ್ರಿ. ಅದರ ಅವ್ವ ಇನ್ನೂ ಅದಾಳ."

"ಮತ್ತ ನನಗ ಏನಂತ ಕರೀಬೇಕು? ಅದಕ್ಕೂ ಆಫೀಸಿನ ಅಪ್ಪಣಿ ಬೇಕೇನ್ರಿ?" ಎಂದು ದುಂಡಪ್ಪ ಕುಟುಕಿದರು.

ಅನ್ನಪೂರ್ಣಾ ನಗಲಿಲ್ಲ. ಮಗುವನ್ನು ಮಡಿಲಿಗೆ ಹಾಕಿ, ಕರೆಯುವ ಹೆಸರನ್ನು ಮಾತ್ರ ಕಸಿದುಕೊಂಡೆನಲ್ಲ ಎಂದು ಮರಳುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕುದಿದರು. ಆದರೂ ಪ್ರತಿ ಭೇಟಿಯಲ್ಲಿ ಶೋಭಾಳ ಫೋಟೋ ತೋರಿಸಿ "ಇಕಿ ಯಾರು?" ಎಂದು ಮಗುವನ್ನು ಕೇಳುವುದನ್ನು ಬಿಡಲಿಲ್ಲ.

ಶೋಭಾ ಗುಣವಾಗಿ ಬಂದು, ಹೊಲಿಗೆ ಕೆಲಸ ಹಿಡಿದು, ಮಗಳನ್ನು ಕೇಳಿದಳು. ಘೋಡಗೇರಿಯಲ್ಲಿ ತಾಯಿಯನ್ನು ಕಂಡ ರಾಧಿಕಾ ದುಂಡಪ್ಪನವರ ಧೋತರದ ಹಿಂದೆ ಅಡಗಿದಳು. ಈಗಲೇ ಕಳಿಸಿದರೆ ಮಗುವಿನ ಮನಸ್ಸು ಒಡೆಯುತ್ತದೆ, ಕಳಿಸದಿದ್ದರೆ ತಾಯಿ ಮತ್ತೆ ಕುಸಿಯುತ್ತಾಳೆ. ಸಮಿತಿಗೆ ಏನು ಹೇಳುವುದೆಂದು ಅನ್ನಪೂರ್ಣಾ ಅವರಿಗೆ ತೋಚಲಿಲ್ಲ. ಜಗಳಕ್ಕೇ ಸಜ್ಜಾದಂತೆ ಹೊಸ್ತಿಲಲ್ಲಿ ನಿಂತಿದ್ದ ಶಿವಗಂಗವ್ವ, ಅಳುತ್ತಿದ್ದ ಶೋಭಾಳ ಹೆಗಲ ಮೇಲೆ ಕೈಯಿಟ್ಟರು.

"ದೊಡ್ಡವ್ವ ಅನ್ನಿಸಿದವ್ರು ನೀವ ಹೌದಲ್ರಿ ಮೇಡಮ್ಮಾರ? ಅಂದಮ್ಯಾಲ ಇಕಿ ನನಗ ತಂಗಿ ಆದ್ಲು. ಏಳವಾ ತಂಗಿ, ಮಾರಿ ತೊಳ್ಕೊ. ಇವತ್ತ ಇಲ್ಲೇ ಉಣ್ಣು. ಕೂಸಿನ ಬಾಜೂ ಕುಂದ್ರು."

ಅಂದಿನಿಂದ ಹೋಗಿಬರುವುದು ಬೆಳೆಯಿತು. ರಾಧಿಕಾ ಮೊದಲು ರಜೆಗೆಂದು, ಕಡೆಗೆ ಸಮಿತಿಯ ಆದೇಶದೊಡನೆ ಪೂರ್ತಿಯಾಗಿ ತಾಯಿಯ ಮನೆ ಸೇರಿದಳು. ಆದರೂ ಅನ್ನಪೂರ್ಣಾ ಅವರಿಗೆ ಒಂದೇ ಅಂಜಿಕೆ: ಕಾಯಿಲೆ ಮರುಕಳಿಸಿದರೆ ಮಗುವಿನ ಗತಿಯೇನು? ಕಳೆದ ಮಳೆಗಾಲದಲ್ಲಿ ಶೋಭಾ ಕೆಲಸಕ್ಕೆ ಬರುತ್ತಿಲ್ಲವೆಂದು ಕೇಳಿ ಮೂಡಲಗಿಗೆ ಓಡಿದರೆ, ಬಾಗಿಲಿಗೆ ಬೀಗ. ಅಲ್ಲಿಂದಲೇ ಘೋಡಗೇರಿಗೆ ಫೋನು ಹಚ್ಚಿದರು.

"ಇಬ್ರೂ ಇಲ್ಲೇ ಅದಾರ್ರಿ," ಎಂದರು ಶಿವಗಂಗವ್ವ. "ನಿದ್ದಿ ಕೆಟ್ಟೈತಿ, ಬಂದು ಕರಕೊಂಡ ಹೋಗ ಅಕ್ಕಾ ಅಂತ ತಾನ ಫೋನ್ ಮಾಡಿದ್ಲು. ಡಾಕ್ಟರಿಗೂ ತೋರಿಸಿ ಬಂದ್ವಿ. ಗದ್ದಲದಾಗ ನಿಮಗ ಹೇಳಾಕ ಮರತೇ ಬಿಟ್ವಿ ನೋಡ್ರಿ."

ಅನ್ನಪೂರ್ಣಾ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು.

ಅನ್ನಪೂರ್ಣಾ ಅವರಿಗೆ ತುಂಬು ಆಯುಷ್ಯವಿರಲಿ, ಕಾಲಿಗೆ ಈಗಿನ ಕಸುವೇ ಇರಲಿ. ಸುಮ್ಮನೆ ಕೂಡುವವರು ಅವರಲ್ಲವೆಂದು ಬಲ್ಲ ನಾವು ವಿಶ್ರಾಂತಿಯನ್ನು ಹಾರೈಸುವುದಿಲ್ಲ. ಅವರು ಕೂಡಿಸಿದ ಮನೆಗಳೆಲ್ಲ ಅವರಿಗೆ ಹೇಳಲು ಹೀಗೇ ಮರೆಯಲಿ.