ಎರ್ರೆಪ್ಪನ ಹಾರೆಯ ಗುರುತು

ಬಂಡ್ರಿಯ ಎರ್ರೆಪ್ಪ ಹದಿನಾರು ವರ್ಷ ಚಪ್ಪಲಿ ಮೆಟ್ಟಿರಲಿಲ್ಲ. ಕ್ವಾರಿಯಲ್ಲಿ ಕಲ್ಲು ಒಡೆಯುವ ಮನುಷ್ಯ, ಆ ಚೂರುಗಳ ಮೇಲೆ ಬರಿಗಾಲಲ್ಲೇ ಓಡಾಡುತ್ತಿದ್ದ. ಪಕ್ಕದ ಮನೆಯ ಲಿಂಗರಾಜ್ ನಾನು, ಎಷ್ಟೋ ಸಲ ಬೈದಿದ್ದೇನೆ. ನಕ್ಕುಬಿಡುತ್ತಿದ್ದ.

ಪ್ರಾಯದಲ್ಲಿ ಮಾಡಿದ ಒಂದು ಕೆಲಸ ಅವನನ್ನು ಬಿಟ್ಟಿರಲಿಲ್ಲ. ಕೆರೆಯಂಗಳದಲ್ಲಿ ಅರ್ಧ ಹೂತಿದ್ದ ದೇವಿಯ ಮೂರ್ತಿಯ ಕೆಳಗೆ ನಿಧಿಯಿದೆ ಎಂದು ಯಾರೋ ಅವನ ತಲೆಯಲ್ಲಿ ಹುಳ ಬಿಟ್ಟಿದ್ದರು. ಒಂದು ಮಧ್ಯಾಹ್ನ ಹಾರೆ ಹಾಕಿ ಮೀಟಿದ. ಕಟಕ್ ಎಂದಿತು. ಮಣ್ಣಿನಿಂದ ಮೇಲೆದ್ದ ದೇವಿಗೆ ಬಲಗೈ ಇರಲಿಲ್ಲ. ಹಾರೆ ಬಿಸಾಕಿ ಮನೆಗೆ ಓಡಿಬಂದ.

ಆಮೇಲೆ ಮದುವೆಯಾಯಿತು. ಮೂರು ಮಕ್ಕಳು ಹುಟ್ಟಿದವು, ಒಂದಕ್ಕೂ ವರ್ಷ ತುಂಬಲಿಲ್ಲ. ಡಾಕ್ಟರು ಒಂದೊಂದು ಸಲ ಒಂದೊಂದು ಹೇಳಿದರು. ಎರ್ರೆಪ್ಪನಿಗೆ ಮಾತ್ರ ಕಾರಣ ಗೊತ್ತಿತ್ತು. ಮೊದಲ ಮಗು ಹೋದ ದಿನವೇ ಚಪ್ಪಲಿ ಬಿಟ್ಟ, ಹೆಂಡತಿ ಜಂಬಕ್ಕನಿಗೆ ಎಲ್ಲ ಹೇಳಿದ. ಅವಳು ಬೈಯಲಿಲ್ಲ, ಅವನ ಜೊತೆ ಶುಕ್ರವಾರದ ಉಪವಾಸ ಹಿಡಿದಳು.

ಆ ಮೂರ್ತಿಯನ್ನು ಸರ್ಕಾರದವರು ಎಂದೋ ಒಯ್ದಿದ್ದರು. ಹಂಪಿ ಹತ್ತಿರದ ಶಿಲ್ಪಗಳ ಮ್ಯೂಸಿಯಂನಲ್ಲಿದೆ ಎಂದು ಹೋದ ತಿಂಗಳು ತಿಳಿಯಿತು. ಜಂಬಕ್ಕ ಆಗ ಮತ್ತೆ ನಾಲ್ಕು ತಿಂಗಳ ಬಸುರಿ. "ಕಾಲಿಗೆ ಬಿದ್ದು ತಪ್ಪಾತು ಅಂದ್ರ ಈ ಕೂಸರ ಉಳೀತೈತಿ," ಎಂದು ಹಟ ಹಿಡಿದಳು. ನನಗೂ ಆಗಲೇ ಎಲ್ಲ ಹೇಳಿದರು. ಮೂವರೂ ಹೊರಟೆವು.

ಗೇಟಿನಲ್ಲಿ ಕಾಯಿ, ಕುಂಕುಮದ ಚೀಲವನ್ನು ಒಳಗೆ ಬಿಡಲಿಲ್ಲ. ಆ ಚೀಲ ಹಿಡಿದು ಜಂಬಕ್ಕ ಬೇವಿನ ನೆರಳಲ್ಲೇ ಕುಳಿತಳು. ಒಳಗೆ ಸಾಲು ಮೂರ್ತಿಗಳ ನಡುವೆ ಎರ್ರೆಪ್ಪ ನಮ್ಮೂರ ದೇವಿಯನ್ನು ದೂರದಿಂದಲೇ ಗುರುತಿಸಿದ. ಅಡ್ಡ ಬೀಳಲು ಬಾಗಿದವನು ಹಾಗೇ ನಿಂತುಬಿಟ್ಟ. ಮುರಿದ ತೋಳನ್ನು ನೋಡಿದ, ಪೀಠವನ್ನು ನೋಡಿದ, ಮತ್ತೆ ತೋಳನ್ನು ನೋಡಿದ.

"ಲೇ ಲಿಂಗ, ಇಲ್ಲಿ ನೋಡು." ಪೀಠದ ಅಂಚಿನಲ್ಲಿ ಉಗುರಗಲ ಚಕ್ಕೆ ಹಾರಿದ ಬಿಳಿ ಗುರುತಿತ್ತು. "ಇದು ನನ್ನ ಹಾರೀದು. ಇಷ್ಟು ವರ್ಷ ಆದ್ರೂ ಬೆಳ್ಳಗೈತಿ. ತೋಳು ನೋಡು, ಮುರಿದ ಜಾಗಾನೂ ಮೈಯಂಗ ಕರ್ರಗೈತಿ. ಅದು ನಮ್ಮಜ್ಜನ ಅಜ್ಜ ಹುಟ್ಟೋಕಿಂತ ಮೊದ್ಲ ಮುರದದ್ದು. ನಾ ಮುರದಿಲ್ಲ."

ದಿನಾ ಕಲ್ಲು ಒಡೆಯುವವನ ಕಣ್ಣು, ತಪ್ಪುವುದಿಲ್ಲ. ನನಗೆ ಕುಣಿಯುವಷ್ಟು ಖುಷಿಯಾಯಿತು. ಅವನ ಮುಖ ಬಿಳಿಚಿಕೊಂಡಿತ್ತು.

"ಅಕಿಗೆ ಹೇಳಬ್ಯಾಡ," ಎಂದ.

ನನ್ನ ಬಾಯಿಗೆ ಬೀಗವೆಲ್ಲಿ? ಹೊರಗೆ ಬಂದವನೇ ಒದರಿಬಿಟ್ಟೆ: "ಜಂಬಕ್ಕ, ಇವನದೇನೂ ತಪ್ಪಿಲ್ಲ. ಆ ಕೈ ಮೊದ್ಲ ಮುರದಿತ್ತು. ಶಾಪಾನೂ ಇಲ್ಲ, ಏನೂ ಇಲ್ಲ."

ಅವಳು ಗಂಡನ ಕಡೆ ನೋಡಿದಳು. ಅವನು ತಲೆಯೆತ್ತಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅವಳು ನನ್ನನ್ನು ಕೇಳಿದಳು: "ಹಂಗಾರ ಇದನ್ನ ಉಳಿಸ್ಕೊಳ್ಳಾಕ ಯಾರ ಕಾಲಿಗೆ ಬೀಳ್ಬೇಕಣ್ಣ?"

ನನ್ನ ನಾಲಿಗೆಯ ಮೇಲೆ ನನಗೇ ಅಸಹ್ಯವಾಯಿತು.

ಹೊಸಪೇಟೆ ಬಸ್‌ಸ್ಟ್ಯಾಂಡಿನ ಎದುರು ಎರ್ರೆಪ್ಪನಿಗೆ ಒಂದು ಜೊತೆ ಚಪ್ಪಲಿ ಕೊಡಿಸಿದೆ. ಅವನು ಮೆಟ್ಟಿಕೊಂಡ. ಜಂಬಕ್ಕ ಆ ಕಾಲುಗಳನ್ನೇ ನೋಡುತ್ತ ಅತ್ತಳು.